ಸಂಕ್ರಾಂತಿಯ ಬುತ್ತಿ

ಕಡಲಿನಿಂದ ದೂರವಾದ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಒಕ್ಕಲು ಮನೆತನಗಳು ಸಂಕ್ರಾಂತಿಯ ದಿನ ಹೊಳೆಯ ದಂಡೆಗೆ ಹೊರಡುತ್ತಿದ್ದವು. ಹಾನಗಲ್ಲ, ಸವಣೂರು ಕಡೆಯವರಿಗೆ ವರದೆ. ಹಿರೇಕೆರೂರು ಭಾಗದವರಿಗೆ ಕುಮುದ್ವತಿ. ಆ ಒಂದು ದಿನಕ್ಕೆ ಅವರು ಒಯ್ಯುತ್ತಿದ್ದ ಸಾಮಾನು ಎಷ್ಟು, ಬಲ್ಲಿರಾ?

ಅದಕ್ಕೆ ಚಕ್ಕಡಿಯೇ ಅಳತೆ. ಹಿರಿಯರು, ಮಕ್ಕಳು ಕುಳಿತ ಮೇಲೆ ಉಳಿದ ಜಾಗದಲ್ಲಿಯೂ ಮೊದಲ ಪಾಲು ಎತ್ತುಗಳ ಕಣಿಕೆಗೆ. ಆಮೇಲೆ ಎಳ್ಳು ಹಚ್ಚಿದ ಸಜ್ಜಿಯ ರೊಟ್ಟಿ, ಜೋಳದ ಕಡಕ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ, ಮೊಸರಿನ ಗಡಿಗೆ, ಹಾಸಲು ಕೌದಿ. ಕಡಕ ರೊಟ್ಟಿ ಚೆನ್ನಾಗಿ ಒಣಗಿರುವದರಿಂದ ಹಗುರ. ಬೇಗನೆ ಕೆಡುವದೂ ಇಲ್ಲ. ನೀರು ಹೊಳೆಯದು, ತಾಟು ಮುತ್ತಲ ಎಲೆಯದು. ಆದರೆ ಇಷ್ಟು ಹಗುರಾದ ಬುತ್ತಿಗಾಗಿ ಹೆಣ್ಣುಮಕ್ಕಳು ಒಲೆಯ ಮುಂದೆ ಎಷ್ಟೋ ಹೊತ್ತು ಬೇಯುತ್ತಿದ್ದರು. ಆ ಭಾರ ಚಕ್ಕಡಿಯಲ್ಲಿ ಕಾಣುತ್ತಿರಲಿಲ್ಲ.

1997ರಲ್ಲಿ ಈ ತಾಲೂಕುಗಳು ಧಾರವಾಡ ಜಿಲ್ಲೆಯಿಂದ ಹೊಸ ಹಾವೇರಿ ಜಿಲ್ಲೆಗೆ ಸೇರಿದವು. ಅಷ್ಟರಲ್ಲಿ ಟ್ರ್ಯಾಕ್ಟರು, ಟೆಂಪೋಗಳು ಬಂದಿದ್ದವು. ಎತ್ತು ದಣಿದೀತೆಂಬ ಎಣಿಕೆ ಉಳಿಯಲಿಲ್ಲ, ಸಾಮಾನು ಬೆಳೆಯಿತು. ಅಂದು ಉಂಡ ಎಲೆ ಮಣ್ಣಿಗೆ ಸೇರುತ್ತಿತ್ತು. ದಂಡೆಯಲ್ಲಿ ಬಿಟ್ಟ ಪ್ಲಾಸ್ಟಿಕ್ ತಾಟು ಹಾಗಲ್ಲ. ವರದೆ, ಕುಮುದ್ವತಿ ಎರಡೂ ತುಂಗಭದ್ರೆಯನ್ನು ಕೂಡುವವು. ನಾವು ಬಿಟ್ಟದ್ದು ಮುಂದಿನ ಊರಿನವರ ಸ್ನಾನಘಟ್ಟಕ್ಕೆ ಮುಟ್ಟೀತು. ಈ ಸಲ ಬುತ್ತಿ ಕಟ್ಟುವಾಗ ಮರಳಿ ತರುವದರ ಲೆಕ್ಕವನ್ನೂ ಇಡಿರಿ.