ಸೈಕಲ್ ಪಥ ನಿರ್ಣಯದಲ್ಲಿ ಸರ್ಕಾರದ ಹಸ್ತಕ್ಷೇಪ

ನಗರದ ಸೈಕಲ್ ಪಥಗಳ ವಿಷಯದಲ್ಲಿ ನಗರಾಡಳಿತವು ಕೈಗೊಳ್ಳಬೇಕಾದ ನಿರ್ಣಯವನ್ನು ರಾಜ್ಯ ಅಥವಾ ಪ್ರಾಂತ ಸರ್ಕಾರವು ತಾನೇ ಕೈಗೊಳ್ಳುವುದು ಇಲ್ಲವೆ ರದ್ದುಗೊಳಿಸುವುದು. ಸಂವಿಧಾನದ 74ನೆಯ ತಿದ್ದುಪಡಿಯು (1992) ರಸ್ತೆಗಳನ್ನು ಹನ್ನೆರಡನೆಯ ಅನುಸೂಚಿಯಲ್ಲಿ ಸೇರಿಸಿದರೂ, ಅಧಿಕಾರದ ವರ್ಗಾವಣೆಯನ್ನು ರಾಜ್ಯ ವಿಧಾನಮಂಡಲದ ವಿವೇಚನೆಗೇ ಬಿಟ್ಟಿರುವುದು ಭಾರತದಲ್ಲಿ ಇದಕ್ಕೆ ಮೂಲ. 2016ರಲ್ಲಿ ಸ್ಮಾರ್ಟ್ ಸಿಟಿಯಾಗಿ ಆಯ್ಕೆಗೊಂಡ ತುಮಕೂರಿನಲ್ಲಿ ಯೋಜನೆಯ ರಸ್ತೆ ಕಾಮಗಾರಿಗಳು ಪಾಲಿಕೆಯ ಸಭೆಗಲ್ಲದೆ, ರಾಜ್ಯವೂ ಪಾಲಿಕೆಯೂ ಸಮಪಾಲು ಹೊಂದಿದ ಕಂಪೆನಿಗೆ ಸೇರಿದವು. ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ 2020ರಲ್ಲಿ ಪಥವನ್ನು ರೂಪಿಸಿದ್ದು ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯ; ವಾಹನಗಳಿಂದ ಅದನ್ನು ಬೇರ್ಪಡಿಸಿದ್ದ ಗೂಟಗಳು ಮೆಟ್ರೊ ಕಾಮಗಾರಿಯಲ್ಲಿ ಬಹುಮಟ್ಟಿಗೆ ಅಳಿದುಹೋದಾಗ, ಪ್ರಶ್ನಿಸಲು ಚುನಾಯಿತ ಪರಿಷತ್ತೇ ಇರಲಿಲ್ಲವೆಂಬುದು ಶೋಚನೀಯ. ಕೆನಡಾದ ಒಂಟಾರಿಯೊ ಪ್ರಾಂತವು 2024ರ ಕಾಯಿದೆಯ ಮೂಲಕ ಟೊರಾಂಟೊದ ಮೂರು ರಸ್ತೆಗಳ ಪಥಗಳನ್ನು ತೆಗೆಯಲು ಹೊರಟಾಗ, 2025ರ ಜುಲೈನಲ್ಲಿ ಅಲ್ಲಿಯ ನ್ಯಾಯಾಲಯವು ಅದನ್ನು ಅಸಂವಿಧಾನಿಕವೆಂದು ತೀರ್ಪಿತ್ತಿತು.