ಬಂದೂಕಿನ ಚೂರಿ, ಮನೆಯ ಬಲ್ಬು

ನಮ್ಮ ಸಂಘದ ಗೋದಾಮಿನಲ್ಲಿ ಬಲ್ಬು ಸುಟ್ಟುಹೋದಾಗ ಏಣಿ ಹತ್ತಿ ಹೊಸದು ಹಾಕುವ ಕೆಲಸ ಹುಡುಗನಾಗಿದ್ದ ನನ್ನ ಪಾಲಿಗೆ ಬರುತ್ತಿತ್ತು. "ಮೇಲಕ್ಕೆ ಒತ್ತಪ್ಪಾ, ಆಮೇಲೆ ತಿರುಗಿಸು" ಅಂತ ಹಿರಿಯರು ಕೆಳಗಿನಿಂದ ಕೂಗುತ್ತಿದ್ದರು. ಈ ಎರಡು ಮಾತಿನ ಹಿಂದೆ ಮುನ್ನೂರು ವರ್ಷಗಳಿಗೂ ಮಿಕ್ಕಿದ ರಣರಂಗದ ಚರಿತ್ರೆ ಇದೆ ಎಂಬುದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ. ಬಲ್ಬು ಕೂರುವ ಈ ಬಗೆಗೆ ಇಂದಿಗೂ 'ಬಯೊನೆಟ್' ಎಂದೇ ಹೆಸರು. ಬಯೊನೆಟ್ ಎಂದರೆ ಬಂದೂಕಿನ ತುದಿಗೆ ಸಿಕ್ಕಿಸುವ ಚೂರಿ!

ಫ್ರಾನ್ಸ್ ದೇಶದ ನೈರುತ್ಯ ಭಾಗದಲ್ಲಿ ಬಯೋನ್ ಎಂಬ ಊರಿದೆ. ಈ ಆಯುಧಕ್ಕೆ ಹೆಸರು ಬಂದದ್ದು ಆ ಊರಿನಿಂದಲೇ ಎಂದು ಸಾಮಾನ್ಯವಾಗಿ ಹೇಳುತ್ತಾರೆ. 17ನೇ ಶತಮಾನದ ಬಂದೂಕಿಗೆ ಒಂದು ಗುಂಡು ಹಾರಿಸಿದ ಮೇಲೆ ಮತ್ತೆ ಮದ್ದು ತುಂಬಲು ಸಮಯ ಹಿಡಿಯುತ್ತಿತ್ತು. ಅಷ್ಟರಲ್ಲಿ ಶತ್ರು ಮೈಮೇಲೆ ಬಿದ್ದರೆ ಗತಿಯೇನು? ಅದಕ್ಕಾಗಿ ಉದ್ದನೆಯ ಭರ್ಜಿ ಹಿಡಿದ ಸೈನಿಕರು ಪಕ್ಕದಲ್ಲಿ ಕಾವಲಿರಬೇಕಾಗಿತ್ತು. ಬಂದೂಕನ್ನೇ ಭರ್ಜಿ ಮಾಡಿದರೆ ಒಬ್ಬನೇ ಎರಡೂ ಕೆಲಸ ಮಾಡಬಹುದಲ್ಲ ಎಂಬ ಯೋಚನೆಯಿಂದ ಬಯೊನೆಟ್ ಹುಟ್ಟಿತು.

ಆದರೆ ಮೊದಲಿನ ಬಯೊನೆಟ್ಟಿನಲ್ಲಿ ಒಂದು ದೊಡ್ಡ ದೋಷವಿತ್ತು. ಅದರ ಹಿಡಿಯನ್ನು ಬಾಟಲಿಗೆ ಬಿರಡೆ ಜಡಿದಂತೆ ನಳಿಗೆಯ ಬಾಯಿಗೇ ತುರುಕಬೇಕಿತ್ತು. ತುರುಕಿದ ಮೇಲೆ ಗುಂಡು ಹಾರಿಸುವಂತಿಲ್ಲ. 1689ರ ಜುಲೈ ತಿಂಗಳಲ್ಲಿ ಸ್ಕಾಟ್ಲೆಂಡಿನ ಕಿಲ್ಲಿಕ್ರಾಂಕಿ ಎಂಬಲ್ಲಿ ನಡೆದ ಕಾಳಗದಲ್ಲಿ ಈ ದೋಷಕ್ಕೆ ತೆತ್ತ ಬೆಲೆ ಘೋರವಾದದ್ದು. ಗುಡ್ಡಗಾಡಿನ ಯೋಧರು ಕತ್ತಿ ಹಿಡಿದು ಇಳಿಜಾರಿನಲ್ಲಿ ಓಡಿಬಂದರು. ಗುಂಡು ಹಾರಿಸಿದ ಸರ್ಕಾರಿ ಸೈನಿಕರು ಚೂರಿ ಸಿಕ್ಕಿಸಿಕೊಳ್ಳುವಷ್ಟರಲ್ಲಿ ಕತ್ತಿಗಳು ಅವರ ತಲೆಯ ಮೇಲಿದ್ದವು. ಕೆಲವೇ ನಿಮಿಷಗಳಲ್ಲಿ ಸಾಲು ಮುರಿದು ನೂರಾರು ಜನ ಹತರಾದರು. ಸೋತ ಸೇನಾಪತಿ ಮೆಕೆ ಆಮೇಲೆ ನಳಿಗೆಯ ಬಾಯಿ ಮುಚ್ಚದಂತೆ ಚೂರಿ ಜೋಡಿಸುವ ದಾರಿ ಹುಡುಕಿದ.

ಸುಮಾರು ಅದೇ ಕಾಲಕ್ಕೆ ಫ್ರಾನ್ಸಿನ ಪ್ರಸಿದ್ಧ ಕೋಟೆಶಿಲ್ಪಿ ವೊಬಾನ್ ಒಂದು ಉಪಾಯವನ್ನು ಮುಂದಿಟ್ಟ. ಚೂರಿಯ ಬುಡಕ್ಕೆ ಒಂದು ಕೊಳವೆ. ಅದನ್ನು ನಳಿಗೆಯ ಹೊರಮೈಗೆ ತೊಡಿಸಬೇಕು. ನಳಿಗೆಯ ಮೇಲಿನ ಸಣ್ಣ ಗುಬಟು ಕೊಳವೆಯ ಸೊಟ್ಟ ಸೀಳಿನೊಳಗೆ ಜಾರುತ್ತದೆ. ಒತ್ತಿ ತಿರುಗಿಸಿದರೆ ಚೂರಿ ಭದ್ರ. ಅಲಗು ಪಕ್ಕಕ್ಕೆ ಸರಿದಿರುವುದರಿಂದ ಗುಂಡಿನ ದಾರಿಯೂ ಮುಕ್ತ. 18ನೇ ಶತಮಾನದ ಆರಂಭದಲ್ಲೇ ಯುರೋಪಿನ ಸೇನೆಗಳು ಭರ್ಜಿಯನ್ನು ಮೂಲೆಗಿಟ್ಟವು. 1799ರ ಮೇ 4ರಂದು ಕಾವೇರಿ ದಾಟಿ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಇಂಗ್ಲಿಷ್ ಸಿಪಾಯಿಗಳ ಬಂದೂಕಿನ ತುದಿಯಲ್ಲಿದ್ದದ್ದೂ ಇಂಥ ಚೂರಿಯೇ. ಟಿಪ್ಪು ಸುಲ್ತಾನನು ಹೋರಾಡಿ ಮಡಿದದ್ದು ಆ ದಿನವೇ.

ಕೊಲ್ಲುವ ಆಯುಧದ ಈ ಜೋಡಣೆ ಮುಂದೆ ಬಾಳಿನ ಕೆಲಸಕ್ಕೆ ಬಂತು. ನಮ್ಮ ಬಲ್ಬಿನ ತಳದ ಹಿತ್ತಾಳೆ ಅಥವಾ ಅಲ್ಯೂಮಿನಿಯಂ ಟೋಪಿಯ ಅಡ್ಡಳತೆ 22 ಮಿಲಿಮೀಟರು, ಅದರ ಎರಡು ಪಕ್ಕದಲ್ಲಿ ಎರಡು ಮೊಳೆ. ಹೋಲ್ಡರಿನ ಸ್ಪ್ರಿಂಗು ಬಲ್ಬನ್ನು ಹಿಂದಕ್ಕೆ ತಳ್ಳುತ್ತಾ ಮೊಳೆಗಳನ್ನು ಕಚ್ಚಿನಲ್ಲಿ ಅದುಮಿ ಹಿಡಿಯುತ್ತದೆ. ಎಡಿಸನ್ನನ ತಿರುಪು ಬಲ್ಬು ಅದುರಿ ಅದುರಿ ಸಡಿಲವಾಗಬಹುದು, ಇದು ಸುಲಭಕ್ಕೆ ಸಡಿಲವಾಗದು. ಆದ್ದರಿಂದಲೇ ಲಾರಿ, ಟ್ರಾಕ್ಟರುಗಳ ಹಿಂದಿನ ದೀಪಗಳಿಗೂ ಇದೇ ಕ್ರಮ ಬಂತು. ಕ್ಯಾಮೆರಾದ ಮಸೂರ, ಸಿ.ಸಿ. ಟಿ.ವಿ. ತಂತಿಯ ತುದಿ, ಇಂದಿನ ಎಲ್.ಇ.ಡಿ. ಬಲ್ಬು, ಎಲ್ಲೆಲ್ಲೂ ಅದೇ ಒತ್ತು, ಅದೇ ತಿರುವು.

ಮೊದಲ ಚೂರಿ ಬಂದೂಕನ್ನು ಸೇರಿತು, ಆದರೆ ಅದರ ಬಾಯಿ ಮುಚ್ಚಿಸಿತು. ಎರಡನೆಯದು ಸೇರಿಯೂ ಬಾಯಿ ಮುಚ್ಚಿಸಲಿಲ್ಲ. ಗೆದ್ದದ್ದು ಎರಡನೆಯದು. ಇಪ್ಪತ್ತೈದು ವರ್ಷ ಕೂಡಿ ಬಾಳಿದ ಸಂಘದ ಸದಸ್ಯ ಬಾಂಧವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದಿನ ಸಲ ಬಲ್ಬು ಹಾಕುವಾಗ ಕಿಲ್ಲಿಕ್ರಾಂಕಿಯ ಆ ನತದೃಷ್ಟರನ್ನು ಒಮ್ಮೆ ನೆನೆದರೆ ಸಾಕು.