ತಣಿಸದೆಯೂ ರೂಪಾಂತರ: ‘ನೆನಪಿನ ಲೋಹ’ದ ಮೇಲೆ ಒತ್ತಡದ ಪ್ರಭಾವ

ವಕ್ರದಂತ ಸರಿಪಡಿಸಲು ವೈದ್ಯರು ಅಳವಡಿಸುವ ನಿಟಿನಾಲ್ ತಂತಿ ಅಚ್ಚರಿಯ ವಸ್ತು. ಉಕ್ಕಿನ ತಂತಿ ಶಾಶ್ವತವಾಗಿ ಡೊಂಕಾಗುವಷ್ಟು ಬಾಗಿಸಿದರೂ ಇದು ಕೈಬಿಟ್ಟೊಡನೆ ಮೊದಲಿನ ಆಕಾರಕ್ಕೆ ಮರಳುತ್ತದೆ. ಇದರ ಗುಟ್ಟು ಲೋಹದ ಒಳರಚನೆಯಲ್ಲಿದೆ.

ನಿಕ್ಕಲ್ ಮತ್ತು ಟೈಟಾನಿಯಂ ಪರಮಾಣುಗಳು ಹೆಚ್ಚುಕಡಿಮೆ ಸಮಸಂಖ್ಯೆಯಲ್ಲಿರುವ ಈ ಮಿಶ್ರಲೋಹವನ್ನು 1959ರಲ್ಲಿ ರೂಪಿಸಿದವರು ಅಮೆರಿಕದ ನೌಕಾಪಡೆಯ ಶಸ್ತ್ರಾಸ್ತ್ರ ಪ್ರಯೋಗಾಲಯದ ವಿಲಿಯಂ ಬ್ಯೂಲರ್. ಎರಡು ಲೋಹಗಳ ಹಾಗೂ ಆ ಪ್ರಯೋಗಾಲಯದ ಹೆಸರು ಸೇರಿ ‘ನಿಟಿನಾಲ್’ ಎಂಬ ಹೆಸರಾಯಿತು.

ಎರಡು ಸ್ಥಿತಿಗಳು

ಹೆಚ್ಚಿನ ಉಷ್ಣತೆಯಲ್ಲಿ ಇದರ ಪರಮಾಣುಗಳು ಘನಾಕೃತಿಯಲ್ಲಿ ಜೋಡಣೆಗೊಂಡಿರುತ್ತವೆ. ಇದು ಆಸ್ಟೆನೈಟ್ ಸ್ಥಿತಿ. ತಣಿಸಿದಾಗ ಪರಮಾಣುಗಳು ಒಟ್ಟಾಗಿ ತುಸುವೇ ಸರಿದು ಓರೆಯಾದ ಮಾರ್ಟೆನ್ಸೈಟ್ ರಚನೆ ತಾಳುತ್ತವೆ. ಹಲವು ದಿಕ್ಕುಗಳಿಗೆ ಓರೆಯಾದ ಭಾಗಗಳು ಪರಸ್ಪರ ಸರಿದೂಗಿಸಿಕೊಳ್ಳುವುದರಿಂದ ಹೊರಗಿನ ಆಕಾರ ಬದಲಾಗದು.

ಯಾಂತ್ರಿಕ ಒತ್ತಡ ಬಿದ್ದಾಗ ಚಿತ್ರ ಬೇರೆಯಾಗುತ್ತದೆ. ಎಳೆತದ ದಿಕ್ಕಿಗೆ ಹೊಂದುವ ಓರೆಗಳೇ ಮೇಲುಗೈ ಪಡೆದು ತಂತಿ ಉದ್ದವಾಗುತ್ತದೆ. ತಣಿಸುವಿಕೆ ಮಾಡಬೇಕಾದ ಕೆಲಸವನ್ನು ಒತ್ತಡವೇ ಮಾಡುತ್ತದೆ. ಅಂದರೆ, ಒತ್ತಡ ಹೆಚ್ಚಿದಷ್ಟೂ ಸ್ಥಿತ್ಯಂತರ ನಡೆಯುವ ಉಷ್ಣತೆ ಮೇಲೇರುತ್ತದೆ. ನಿಟಿನಾಲ್‌ನಲ್ಲಿ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ, ಸ್ಥಿತ್ಯಂತರಕ್ಕೆ ಬೇಕಾದ ಒತ್ತಡವೂ ಸಾಮಾನ್ಯವಾಗಿ 6ರಿಂದ 8 ಮೆಗಾಪಾಸ್ಕಲ್ ಹೆಚ್ಚುತ್ತದೆ. ಈ ಸಂಬಂಧವನ್ನು ಕ್ಲಾಸಿಯಸ್–ಕ್ಲಾಪೆರಾನ್ ಸಮೀಕರಣ ವಿವರಿಸುತ್ತದೆ.

ಅತಿಸ್ಥಿತಿಸ್ಥಾಪಕತೆ

ಲೋಹ ಆಸ್ಟೆನೈಟ್ ಸ್ಥಿತಿಯಲ್ಲೇ ಇರುವ ಉಷ್ಣತೆಯಲ್ಲಿ ಒತ್ತಡ ತೆಗೆದರೆ ಮಾರ್ಟೆನ್ಸೈಟ್‌ಗೆ ಉಳಿಗಾಲವಿಲ್ಲ. ಅದು ಹಿಂದಿನ ರಚನೆಗೆ ಮರಳುತ್ತದೆ, ಆಕಾರವೂ ಮರಳುತ್ತದೆ. ಹೀಗೆ ಸುಮಾರು ಶೇ 8ರಷ್ಟು ಹಿಗ್ಗಿದರೂ ನಿಟಿನಾಲ್ ಚೇತರಿಸಿಕೊಳ್ಳಬಲ್ಲದು. ಸಾಮಾನ್ಯ ಉಕ್ಕಿನಲ್ಲಿ ಈ ಪ್ರಮಾಣ ಶೇ 1ಕ್ಕಿಂತ ಕಡಿಮೆ. ಆದರೆ ಮರಳುವಾಗಿನ ಬಲ ಹಿಗ್ಗಿಸಿದ ಬಲಕ್ಕಿಂತ ಕಡಿಮೆ; ವ್ಯತ್ಯಾಸದ ಶಕ್ತಿ ಶಾಖವಾಗಿ ಹೋಗುತ್ತದೆ.

ಸ್ಥಿತ್ಯಂತರ ನಡೆಯುವಾಗ ತಂತಿ ಹಿಗ್ಗಿದರೂ ಕುಗ್ಗಿದರೂ ಬಲ ಹೆಚ್ಚೇನೂ ಬದಲಾಗದು. ಆದ್ದರಿಂದಲೇ ಹಲ್ಲು ಸರಿಯುತ್ತಾ ಹೋದರೂ ಅದರ ಮೇಲೆ ಹಗುರವಾದ ಸಮಬಲ ಉಳಿಯುತ್ತದೆ. ತಣ್ಣೀರು ಕುಡಿದಾಗ ತಂತಿ ಕ್ಷಣಕಾಲ ಸಡಿಲಗೊಳ್ಳುವುದಕ್ಕೂ, ಬಿಸಿ ಕಾಫಿಗೆ ಬಿಗಿಯಾಗುವುದಕ್ಕೂ ಮೇಲಿನ ಲೆಕ್ಕವೇ ಕಾರಣ.

ಕುತ್ತಿಗೆ ಹಾಗೂ ತೊಡೆಯ ರಕ್ತನಾಳಗಳು ಹೊರಗಿನಿಂದ ಅದುಮಲ್ಪಡುವ ಸಂಭವ ಹೆಚ್ಚು. ಅಲ್ಲಿ ನಿಟಿನಾಲ್ ಸ್ಟೆಂಟ್ ಕುಗ್ಗಿ ಮತ್ತೆ ಅರಳುತ್ತದೆ. ಹೃದಯದ ರಕ್ತನಾಳಗಳಲ್ಲಿ ಮಾತ್ರ ಬಲೂನಿನಿಂದ ಹಿಗ್ಗಿಸುವ ಬೇರೆ ಲೋಹಗಳ ಸ್ಟೆಂಟ್‌ಗಳೇ ಹೆಚ್ಚಾಗಿ ಬಳಕೆಯಲ್ಲಿವೆ.

ಮಿತಿಯೂ ಉಂಟು

ಉಷ್ಣತೆ ಒಂದು ಹಂತ ಮೀರಿದರೆ, ಸ್ಥಿತ್ಯಂತರಕ್ಕೆ ಬೇಕಾದ ಒತ್ತಡ ತಲುಪುವ ಮೊದಲೇ ಲೋಹ ಶಾಶ್ವತವಾಗಿ ವಿರೂಪಗೊಳ್ಳುತ್ತದೆ. ನಡೆದಾಡುವಾಗ ಪ್ರತಿ ಹೆಜ್ಜೆಗೂ ಬಾಗುವ ಕಾಲಿನ ಸ್ಟೆಂಟ್‌ಗಳು ದಣಿದು ಮುರಿದ ನಿದರ್ಶನಗಳೂ ವೈದ್ಯಕೀಯದಲ್ಲಿ ದಾಖಲಾಗಿವೆ. ಆಕಾರವನ್ನು ಮರೆಯದ ಲೋಹಕ್ಕೂ ದಣಿವು ತಪ್ಪಿದ್ದಲ್ಲ. ಆದ್ದರಿಂದ ಒಮ್ಮೆ ಎಷ್ಟು ಬಾಗಬಲ್ಲದು ಎಂಬುದರ ಜತೆಗೆ, ಎಷ್ಟು ಬಾರಿ ಬಾಗಬಲ್ಲದು ಎಂಬುದೂ ವಿನ್ಯಾಸಕಾರರಿಗೆ ಅಷ್ಟೇ ಮುಖ್ಯ.